ಕತ್ತಿ ಆರಿಸಿದವಳು

ಆ ಊರಿನಲ್ಲಿ ಯಾರೂ ತಮ್ಮ ಆಯುಧವನ್ನು ತಾವೇ ಆರಿಸಿಕೊಳ್ಳುವಂತಿರಲಿಲ್ಲ. ಹೋಗುವವರು ಇಲ್ಲವಾದರೆ ಯಾರ ಕರುಳು ಹೆಚ್ಚು ಸುಡುತ್ತದೋ ಅವರು ಆರಿಸಿಕೊಡಬೇಕು. ಮಗನಿಗೆ ತಾಯಿ ಆರಿಸಬೇಕು, ಗಂಡನಿಗೆ ಹೆಂಡತಿ ಆರಿಸಬೇಕು, ಅಣ್ಣನಿಗೆ ತಂಗಿ ಆರಿಸಬೇಕು. ಪ್ರೀತಿಯಿರುವ ಕಣ್ಣು ತಪ್ಪು ಆಯುಧದ ಮೇಲೆ ಬೀಳುವುದಿಲ್ಲ ಎಂದು ಹಿಂದಿನವರು ಹೇಳಿದ್ದರು. ಹಿಂದಿನವರು ಹೇಳಿದ್ದನ್ನು ಇಂದಿನವರು ನಡೆಸುತ್ತಿದ್ದರು.

ಊರಿಗೆ ಸುತ್ತ ಕೋಟೆ, ಕೋಟೆಗೆ ಒಂದೇ ಬಾಗಿಲು. ಬಾಗಿಲ ಆಚೆ ಬಯಲು. ಬಯಲಿನ ಕೊನೆಯಲ್ಲಿ ಎಮ್ಮೆ ಮಲಗಿದ ಹಾಗೆ ಒಂದು ಕರೀ ಬಂಡೆ. ಬಂಡೆಯ ಆಚೆ ಏನಿದೆ ಎಂದು ಕೇಳಿದರೆ, 'ಅವನು ಬರುವ ದಾರಿ' ಎನ್ನುತ್ತಿದ್ದರು. ಅವನು ಯಾರು ಎಂದು ಕೇಳಿದರೆ, 'ಬಂದಾಗ ಗೊತ್ತಾಗುತ್ತದೆ' ಎನ್ನುತ್ತಿದ್ದರು. ಅವನು ಎತ್ತರವೋ ಕುಳ್ಳೋ, ಕಾಲ್ನಡೆಯವನೋ ಕುದುರೆಯವನೋ, ಯಾರಿಗೂ ತಿಳಿಯದು. ಒಂದು ವೇಳೆ ಬಂದರೆ, ಬಂಡೆಯ ಹತ್ತಿರವೇ ಒಬ್ಬರು ಅವನೊಡನೆ ಕಾದಬೇಕು. ಇಲ್ಲದಿದ್ದರೆ ಅವನು ಬಾಗಿಲಿಗೇ ಬರುತ್ತಾನೆ. ಇಷ್ಟು ಮಾತ್ರ ಎಲ್ಲರಿಗೂ ತಿಳಿದಿತ್ತು.

ವರ್ಷಕ್ಕೊಮ್ಮೆ, ಬಿಸಿಲು ಏರುವ ಕಾಲಕ್ಕೆ, ಕೋಟೆಯ ಪಕ್ಕದ ಬೂರುಗದ ಮರದಲ್ಲಿ ಕಾಯಿ ಒಡೆಯುತ್ತಿತ್ತು. ಹತ್ತಿ ಗಾಳಿಗೆದ್ದು ಊರೊಳಗೆ ತೇಲಿ ಬರುತ್ತಿತ್ತು. ಆಗ ಜನ ಮಾತು ನಿಲ್ಲಿಸಿ ತಲೆ ಎತ್ತಿ ನಿಲ್ಲುತ್ತಿದ್ದರು. ಮೊದಲ ಹತ್ತಿ ಯಾವ ಮನೆಯ ಹೊಸ್ತಿಲ ಮೇಲೆ ಕೂರುತ್ತದೋ ಆ ಮನೆಯಿಂದ ಒಬ್ಬರು ಬಂಡೆಯ ಬಳಿಗೆ ಹೋಗಬೇಕು. ಸೂರ್ಯ ಹುಟ್ಟುವಾಗ ಬಾಗಿಲು ತೆರೆದು ಅವರನ್ನು ಕಳಿಸಿ ಮುಚ್ಚುತ್ತಿದ್ದರು. ಸೂರ್ಯ ಇಳಿಯುವಾಗ ಮತ್ತೆ ತೆರೆಯುತ್ತಿದ್ದರು.

ಕೆಲವರು ಹಿಂದಿರುಗುತ್ತಿದ್ದರು. ಹಿಂದಿರುಗಿದವರು ಬಾಗಿಲಲ್ಲಿ ನಿಂತು, 'ಅವನು ಬಂದಿದ್ದ. ನನ್ನ ಕೈಯಲ್ಲಿದ್ದುದನ್ನು ನೋಡಿ ಹಿಂದಕ್ಕೆ ತಿರುಗಿದ' ಎನ್ನುತ್ತಿದ್ದರು. ಆಯುಧ ಆರಿಸಿದವರ ಕೊರಳಿಗೆ ಊರು ಹಾರ ಹಾಕುತ್ತಿತ್ತು.

ಕೆಲವರು ಹಿಂದಿರುಗುತ್ತಿರಲಿಲ್ಲ. ಆಗ ಆಯುಧದ ಮನೆಯ ಕಾವಲಿನವನೊಬ್ಬನೇ ಕಂಬಳಿ ಹಿಡಿದು ಬಂಡೆಯವರೆಗೆ ಹೋಗುತ್ತಿದ್ದ. ಬಂಡೆಯ ಮೇಲೆ ಬಿದ್ದಿರುವ ಆಯುಧವನ್ನು ಕಂಬಳಿಯಲ್ಲಿ ಸುತ್ತಿ ತರುತ್ತಿದ್ದ. ಕಂಬಳಿ ಬಿಚ್ಚಿ ನೋಡುವ ಹಕ್ಕು ಬೇರೆ ಯಾರಿಗೂ ಇರಲಿಲ್ಲ. ಕಂಬಳಿ ಕಂಡ ಕೂಡಲೇ ಜನ, 'ಅಯ್ಯೋ, ಬೇರೆಯದನ್ನು ಆರಿಸಬೇಕಿತ್ತು' ಎನ್ನುತ್ತಿದ್ದರು. ಈಟಿ ಕೊಟ್ಟಿದ್ದರೆ ಗದೆ ಕೊಡಬೇಕಿತ್ತು. ಗದೆ ಕೊಟ್ಟಿದ್ದರೆ ಬಾಕು ಕೊಡಬೇಕಿತ್ತು. ಹೋದವರ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆಯುಧದ ವಿಷಯ ಮುಂದಿನ ಹತ್ತಿ ಹಾರುವವರೆಗೂ ಕಟ್ಟೆಯ ಮೇಲೆ ನಡೆಯುತ್ತಿತ್ತು. ಆರಿಸಿದವರಿಗೆ ಆ ಆಯುಧವೇ ಹೆಸರಾಗಿ ಅಂಟಿಕೊಳ್ಳುತ್ತಿತ್ತು.

ಬಟ್ಟೆಗೆ ಬಣ್ಣ ಕಟ್ಟುವ ಹೆಂಗಸೊಬ್ಬಳು ಆ ಊರಿನಲ್ಲಿದ್ದಳು. ಅವಳನ್ನು ಕತ್ತಿಯವ್ವ ಎಂದು ಕರೆಯುತ್ತಿದ್ದರು. ಅವಳ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ ಅವರ ಹೊಸ್ತಿಲಿಗೆ ಹತ್ತಿ ಬಂದಿತ್ತು. ಗಂಡ ಎಡಚ. ಕತ್ತಿಗೆ ಎಡ ಬಲ ಎಂಬ ಭೇದವಿಲ್ಲ ಎಂದು ಅವಳು ಕತ್ತಿಯನ್ನು ಆರಿಸಿದ್ದಳು. ಅವನು ಹಿಂದಿರುಗಲಿಲ್ಲ. ಕಂಬಳಿ ಹಿಂದಿರುಗಿತು. ಅಂದಿನಿಂದ ಅವಳು ಬಾವಿಗೆ ಹೋದರೆ ಬಾವಿಯ ಬಳಿ, ಅಂಗಡಿಗೆ ಹೋದರೆ ಅಂಗಡಿಯ ಬಳಿ ಯಾರಾದರೂ ಒಬ್ಬರು, 'ಕತ್ತಿ ಯಾಕೆ ಆರಿಸಿದೆಯವ್ವ?' ಎಂದು ಕೇಳುವವರು ಇದ್ದೇ ಇರುತ್ತಿದ್ದರು. ಬೈಯುವ ದನಿಯಲ್ಲಲ್ಲ, ತುಂಬ ಕನಿಕರದಿಂದ ಕೇಳುತ್ತಿದ್ದರು. ಅವಳು ನೀಲಿ ಹತ್ತಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದಳು.

ಈಗ ಮಗಳು ತಾಯಿಯ ಎತ್ತರಕ್ಕೆ ಬೆಳೆದು, ತಾಯಿಯ ಜೊತೆ ಹಂಡೆಯ ಮುಂದೆ ನಿಂತು ಬಟ್ಟೆ ಅದ್ದುತ್ತಿದ್ದಳು. ಆ ವರ್ಷ ಬೂರುಗದ ಕಾಯಿ ಒಡೆದ ಬೆಳಿಗ್ಗೆ ಹೊಸ್ತಿಲು ಸಾರಿಸಲು ಬಂದವಳು ಹಾಗೇ ನಿಂತುಬಿಟ್ಟಳು.

"ಅವ್ವ," ಎಂದಳು. "ನಮ್ಮ ಮನೆಗೇ ಬಂದಿದೆ."

ತಾಯಿ ಓಡಿ ಬಂದು ನೋಡಿದಳು. ಒದ್ದೆ ಹೊಸ್ತಿಲ ಮೇಲೆ ಬೆರಳ ತುದಿಯಷ್ಟು ಬಿಳುಪು. ಅದನ್ನು ತುಳಿದು ಒರೆಸಿಬಿಡಲು ಕಾಲೆತ್ತಿದಳು. ಆದರೆ ಎದುರು ಮನೆಯವರು ಆಗಲೇ ನೋಡಿಯಾಗಿತ್ತು. ಅವರು ಕೈ ಮುಗಿಯುತ್ತಿದ್ದರು.

"ನಾನು ಹೋಗ್ತೀನಿ," ಎಂದು ತಾಯಿ ಬೀದಿಯ ನಡುವೆ ನಿಂತು ಕೂಗಿದಳು. "ಇವಳು ಆರಿಸಲಿ. ನಾನು ಹೋಗ್ತೀನಿ!"

"ಒಂದು ಸಲ ಆರಿಸಿದ ಕೈ ಆಯುಧ ಹಿಡಿದು ಹೋಗೋ ಹಾಗಿಲ್ಲವಲ್ಲ ತಾಯಿ," ಎಂದರು ಊರಿನವರು. "ಆರಿಸಿದವರು ಆರಿಸ್ತಾನೇ ಇರಬೇಕು. ಈ ಸಲ ಸರಿಯಾಗಿ ಆರಿಸು."

ಅಂದಿನಿಂದ ಊರೆಲ್ಲ ಅವಳಿಗೆ ಬುದ್ಧಿ ಹೇಳುವವರಾದರು. ಕಟ್ಟೆಯ ಮೇಲೆ ಕೂತವರು ಅವಳನ್ನು ಕರೆದು ಕೂರಿಸಿಕೊಂಡರು.

"ಈಟಿ ಕೊಡವ್ವ. ಈಟಿ ಕಂಡರೆ ಅವನು ಹತ್ತು ಮಾರು ಆಚೆಗೇ ನಿಲ್ತಾನೆ."

"ನಿಂತುಕೊಂಡು ಅವನು ಕವಣೆ ಬೀಸಿದರೆ? ಆಗ ಈಟಿಯಲ್ಲಿ ಹಲ್ಲು ಚುಚ್ಚಿಕೊಳ್ಳೋದಾ?"

"ಗದೆ ಅಂದರೆ ಗದೆ. ಕವಚ ತೊಟ್ಟಿದ್ದರೂ ಒಳಗಿನ ಎಲುಬು ಪುಡಿ."

"ಆ ಹುಡುಗಿ ಗದೆ ಎತ್ತೋದುಂಟಾ?"

"ಎತ್ತೋದು ಯಾಕೆ? ಬೀಳಿಸಿದರೂ ಸಾಕು."

ಅವರ ನಡುವೆ ಈಟಿಯಜ್ಜ ಎಂಬ ಮುದುಕ ಕೂತಿದ್ದ. ಎಷ್ಟೋ ವರ್ಷಗಳ ಹಿಂದೆ ಮಗನಿಗೆ ಈಟಿ ಆರಿಸಿಕೊಟ್ಟವನು. ಮಗ ಹಿಂದಿರುಗಿರಲಿಲ್ಲ. ಪ್ರತಿ ವರ್ಷ ಈ ಮಾತು ಬಂದಾಗ ಅವನು ಒಂದೇ ಮಾತು ಹೇಳುತ್ತಿದ್ದ. ಈಗಲೂ ಅದನ್ನೇ ಹೇಳಿದ: "ಈಟಿ ಬೇಡ. ಈಟಿ ಮಾತ್ರ ಬೇಡ."

"ಅವನು ಬರದೇ ಹೋದರೆ?" ಎಂದು ಕತ್ತಿಯವ್ವ ಕೇಳಿದಳು.

ದೇವರ ಗುಡಿಯಲ್ಲಿ ಉಗುಳಿದವಳನ್ನು ನೋಡುವಂತೆ ಎಲ್ಲರೂ ಅವಳನ್ನು ನೋಡಿದರು. ಆಮೇಲೆ ಒಬ್ಬ ಮೆಲ್ಲಗೆ, "ಕೊಡಲಿ ವಿಚಾರ ಯಾರೂ ಎತ್ತಲೇ ಇಲ್ಲವಲ್ಲ," ಎಂದ. ಮಾತು ಮತ್ತೆ ಹರಿಯಿತು.

ಆಯುಧದ ಮನೆ ಬಾಗಿಲ ಬಲಗಡೆಗೆ, ಕೋಟೆಗೆ ಬೆನ್ನು ಕೊಟ್ಟು ನಿಂತಿತ್ತು. ಆರಿಸುವ ಸರದಿ ಬಂದವರಿಗಲ್ಲದೆ ಬೇರೆಯವರಿಗೆ ಅದರೊಳಗೆ ಪ್ರವೇಶವಿರಲಿಲ್ಲ. ಕಾವಲಿನವನು ಅಗುಳಿ ಸರಿಸಿದ. ಒಳಗೆ ಎಳ್ಳೆಣ್ಣೆಯ ವಾಸನೆ. ಗೋಡೆಯ ಉದ್ದಕ್ಕೂ ಈಟಿ, ಭರ್ಜಿ, ಕೊಡಲಿ, ಗದೆ, ಬಾಕು, ಕತ್ತಿ, ಕವಣೆ, ಬಿಲ್ಲು. ಎಲ್ಲವೂ ಎಣ್ಣೆ ಕುಡಿದು ಮಿನುಗುತ್ತಿದ್ದವು.

ಕತ್ತಿಯವ್ವ ಈಟಿಯನ್ನು ಕೈಗೆತ್ತಿಕೊಂಡಳು. ಕಣ್ಣು ಮುಚ್ಚಿ ಬಯಲನ್ನು ನೆನೆದಳು, ಬಂಡೆಯನ್ನು ನೆನೆದಳು, ಬಂಡೆಯ ಹತ್ತಿರ ಮಗಳನ್ನು ನಿಲ್ಲಿಸಿದಳು. ಅವನು ಬಂದ. ಕುಳ್ಳಗಿದ್ದ, ಚುರುಕಾಗಿದ್ದ. ಈಟಿಯ ತುದಿಯನ್ನು ತಪ್ಪಿಸಿ ಒಳಗೆ ನುಗ್ಗಿದ. ಒಳಗೆ ನುಗ್ಗಿದವನ ಮುಂದೆ ಈಟಿ ಬರೀ ಕೋಲು. ಮಗಳು ಬಿದ್ದಳು.

ಈಟಿಯನ್ನಿಟ್ಟು ಬಾಕು ತೆಗೆದುಕೊಂಡಳು. ಅವನು ಬಂದ. ಈ ಸಲ ಎತ್ತರವಾಗಿದ್ದ, ತೋಳು ಮೊಣಕಾಲು ಮುಟ್ಟುತ್ತಿತ್ತು. ಬಾಕು ಅವನನ್ನು ತಲುಪುವ ಮೊದಲು ಅವನ ಕೈ ಮಗಳನ್ನು ತಲುಪಿತು. ಮಗಳು ಬಿದ್ದಳು.

ಕೊಡಲಿ ಹಿಡಿದಳು. ಮೊದಲ ಏಟು ಗಾಳಿಗೆ ಹೋಯಿತು. ಮತ್ತೆ ಎತ್ತುವಷ್ಟರಲ್ಲಿ ಮಗಳು ಬಿದ್ದಳು. ಬಿಲ್ಲು ಹಿಡಿದಳು. ಗಾಳಿ ತಿರುಗಿತು, ಮಗಳು ಬಿದ್ದಳು. ಗದೆ ಹಿಡಿದಳು. ಅದರ ಭಾರಕ್ಕೇ ಮಗಳು ಬಾಗಿದಳು, ಬಾಗಿದ ಕತ್ತಿನ ಮೇಲೆ ಅವನು ಕೈ ಎತ್ತಿದ. ಅವಳು ಕಿರುಚಿ ಕಣ್ಣು ತೆರೆದಳು.

ಮರುದಿನ ಬಂದಳು. ಅದರ ಮರುದಿನವೂ ಬಂದಳು. ಒಂದೊಂದೇ ಆಯುಧವನ್ನು ಇಳಿಸಿ, ಕಣ್ಣು ಮುಚ್ಚಿ, ಮಗಳನ್ನು ಬಯಲಿಗೆ ಕಳಿಸಿ, ಮಗಳು ಬೀಳುವುದನ್ನು ಕಂಡು, ಆಯುಧವನ್ನು ಮತ್ತೆ ಗೋಡೆಗೆ ತೂಗುಹಾಕಿದಳು. ಅವಳು ಯಾವುದನ್ನು ಹಿಡಿದರೆ ಅದನ್ನು ಗೆಲ್ಲುವಂಥವನೇ ಬರುತ್ತಿದ್ದ. ಅವನಿಗೆ ತನ್ನದೇ ಆದ ಮುಖವಿರಲಿಲ್ಲ. ಅವಳ ಭಯ ಯಾವ ಅಳತೆಯದೋ ಅವನೂ ಅದೇ ಅಳತೆಯವನು. ಹಂಡೆಯಲ್ಲಿ ನೀಲಿ ಕೆನೆಗಟ್ಟಿ ಹುಳಿ ವಾಸನೆ ಬಂದರೂ ಕದಡಲು ಮರೆತಳು.

ಕೊನೆಗೆ ಮುಟ್ಟದೆ ಉಳಿದದ್ದು ಕತ್ತಿಗಳ ಸಾಲು. ಅತ್ತ ಹೋಗಲು ಕಾಲು ಬರುತ್ತಿರಲಿಲ್ಲ. ಹೋದಳು. ಮೂಲೆಯಲ್ಲಿ, ಧೂಳು ತಿಂದ ಒಂದು ಒರೆಯಲ್ಲಿ ಅದು ಇತ್ತು. ಹಿಡಿಗೆ ಅವಳೇ ಸುತ್ತಿದ ನೀಲಿ ಬಟ್ಟೆ ಮಾಸಿ ಬೂದಿ ಬಣ್ಣವಾಗಿತ್ತು.

ಒರೆಯಿಂದ ಎಳೆಯಲು ಹೋದಳು. ಬರಲಿಲ್ಲ. ಒರೆಯ ದಾರವನ್ನು ಹಿಡಿಗೆ ಸುತ್ತಿ ಗಂಟು ಹಾಕಿತ್ತು. ಅವಳು ಗಂಟನ್ನು ಬೆರಳಿನಿಂದ ಸವರಿದಳು. ಬಣ್ಣ ಒಳಗೆ ನುಗ್ಗದಂತೆ ಬಟ್ಟೆಗೆ ಹಾಕುವ ಗಂಟು ಅದು. ಆ ಊರಿನಲ್ಲಿ ಅಂದು ಅದನ್ನು ಹಾಕಲು ಬರುತ್ತಿದ್ದುದು ಇಬ್ಬರಿಗೆ: ಅವಳಿಗೆ, ಅವಳ ಗಂಡನಿಗೆ. ಇದು ಎಡಗೈಯಲ್ಲಿ ಹಾಕಿದ ಗಂಟು, ಸುರುಳಿ ತಿರುವುಮುರುವಾಗಿತ್ತು.

ಗಂಡ ಹೊರಟ ಬೆಳಿಗ್ಗೆ ಅವಳು ಅವನ ಕೈಗೆ ಕೊಟ್ಟದ್ದು ಬಿಚ್ಚುಗತ್ತಿ. ಒರೆಯನ್ನು ಅವನ ಸೊಂಟಕ್ಕೆ ಸಿಕ್ಕಿಸಿದ್ದಳು. ಕಾದಿ ಸತ್ತವನು ಕತ್ತಿಯನ್ನು ಒರೆಗೆ ಹಾಕಿ, ದಾರ ಸುತ್ತಿ, ಗಂಟು ಬಿಗಿದು ಸಾಯುತ್ತಾನೆಯೇ?

"ಇದು ಹೀಗೇ ಸಿಕ್ಕಿತಾ?" ಎಂದು ಕಾವಲಿನವನನ್ನು ಕೇಳಿದಳು.

"ಹೀಗೇ."

"ಒರೆಯಲ್ಲೇ?"

"ಒರೆಯಲ್ಲೇ. ಬಂಡೆಯ ಮೇಲೆ ಒಪ್ಪವಾಗಿ ಇಟ್ಟಿತ್ತು."

"ರಕ್ತ?"

ಕಾವಲಿನವನು ಎಣ್ಣೆಯ ಬಟ್ಟೆಯನ್ನು ಕೈಯಲ್ಲಿ ಹಿಂಡಿದ.

"ಬೇರೆಯವೂ ಹೀಗೇ ಸಿಕ್ಕಿದ್ದಾವಾ?"

"ಕೆಲವು ಹೀಗೇ. ಒಂದೆರಡು ಮುರಿದಿದ್ದವು. ಬಂಡೆಗೆ ಬಡಿದರೂ ಮುರೀತದೆ, ಮನುಷ್ಯನಿಗೆ ಬಡಿದರೂ ಮುರೀತದೆ. ನನಗೇನು ಗೊತ್ತು?"

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ," ಎಂದ ಅವನು. "ಯಾವ ಆಯುಧ ಕೊಡಬೇಕಿತ್ತು ಅಂತ ಕೇಳಿದರು. ನೀನೂ ಅದನ್ನೇ ಕೇಳಿದ್ದೆ. ಮರೆತೆಯಾ?" ಆಮೇಲೆ ಅವನ ದನಿ ತಗ್ಗಿತು. "ಹೇಳಿದ್ದರೆ ಏನಾಗ್ತಿತ್ತವ್ವ? ನನ್ನ ತಪ್ಪಿಂದ ಗಂಡ ಸತ್ತ ಅಂತ ನೀನು ಹೊತ್ಕೊಂಡಿದ್ದೀ. ಅದನ್ನ ಇಳಿಸಿ, ನಿನ್ನ ಗಂಡ ಕತ್ತಿ ಇಟ್ಟು ನಿನ್ನ ಬಿಟ್ಟು ನಡೆದ ಅಂತ ಹೊರಿಸಲಾ? ಯಾವುದು ಹಗುರ ಹೇಳು."

ಅವಳ ಎದೆಯೊಳಗೆ ಒಂದು ಕಲ್ಲನ್ನು ತೆಗೆದು ಆ ಜಾಗಕ್ಕೇ ಇನ್ನೊಂದು ಕಲ್ಲನ್ನು ಇಟ್ಟಂತಾಯಿತು.

ಅಲ್ಲಿಂದ ಅವಳು ನೇರವಾಗಿ ಗದೆಯಣ್ಣನ ಮನೆಗೆ ಹೋದಳು. ಗದೆಯಣ್ಣ ಹಿಂದಿರುಗಿದವನು, ಹಿಡಿದು ಹೋದ ಗದೆಯೇ ಅವನಿಗೆ ಹೆಸರಾಗಿತ್ತು. ಹರೆಯದಲ್ಲಿ ಬಂಡೆಯ ಬಳಿ ನಿಂತು ಬಂದಿದ್ದ. ಊರಲ್ಲಿ ಅವನಿಗೆ ಮರ್ಯಾದೆ ಇತ್ತು, ಕಟ್ಟೆಯ ಮೇಲೆ ಅವನಿಗೆಂದೇ ಒಂದು ಜಾಗವಿತ್ತು. ಅವನು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಅವಳು ಕೆಳಗೆ ಅಂಗಳದಲ್ಲಿ ಕೂತಳು.

"ಗದೆಯಣ್ಣ, ಅವನು ಬಂದಿದ್ದನಾ?"

"ಬಂದಿದ್ದ. ನನ್ನ ಕೈಯಲ್ಲಿದ್ದುದನ್ನು ನೋಡಿ ಹಿಂದಕ್ಕೆ ತಿರುಗಿದ."

"ಹೇಗಿದ್ದ?"

"ಬಂದಿದ್ದ. ನನ್ನ ಕೈಯಲ್ಲಿದ್ದುದನ್ನು ನೋಡಿ—"

"ಅಣ್ಣ, ನಿನ್ನ ಕಾಲು ಹಿಡಿತೀನಿ." ಅವಳು ನಿಜಕ್ಕೂ ಅವನ ಕಾಲು ಹಿಡಿದಳು. "ನನ್ನ ಮಗಳು ಹೋಗ್ತಾಳೆ. ನನಗೆ ಇರೋದು ಅವಳೊಬ್ಬಳೇ. ನಿಜ ಹೇಳು. ಅವನು ಬರೋದಾದರೆ ನಾನು ಗಟ್ಟಿಯಾದ್ದೇನಾದರೂ ಕೊಡಬೇಕು. ಬರೋದಿಲ್ಲ ಅನ್ನೋದಾದರೆ..."

ಗದೆಯಣ್ಣನ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. ಅವನು ಬೀದಿಯ ಆ ಕಡೆ ಈ ಕಡೆ ನೋಡಿದ.

"ನಾನು ಕಣ್ಣು ಮುಚ್ಚಿಕೊಂಡಿದ್ದೆ," ಎಂದ. "ಬಂಡೆ ಹತ್ತಿರ ಹೋದವನೇ ಕಣ್ಣು ಮುಚ್ಚಿದೆ. ತೆರೆದಾಗ ಬಿಸಿಲು ಇಳಿದಿತ್ತು. ಬಂದನೋ ಬಿಟ್ಟನೋ ನನಗೆ ಗೊತ್ತಿಲ್ಲ."

"ಮತ್ತೆ ಯಾಕೆ ಹಾಗೆ ಹೇಳಿದೆ?"

"ನಮ್ಮಪ್ಪ ಆರಿಸಿದ್ದ ಗದೆ. ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡ್ತಿದ್ದ. ಏನು ಹೇಳಬೇಕಿತ್ತು ನಾನು?" ಗದೆಯಣ್ಣ ಬಿದ್ದ ಎಲೆಯನ್ನು ಹೆಕ್ಕಿಕೊಂಡ. "ಅಪ್ಪ ಸತ್ತ ಮೇಲೆ ಸುಮ್ಮನಿರಬಹುದಿತ್ತು. ಅಷ್ಟರಲ್ಲಿ ರೂಢಿಯಾಗಿತ್ತು."

ಅವಳು ಮನೆಗೆ ಬಂದಾಗ ಮಗಳು ಹಿತ್ತಲಲ್ಲಿ ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಹತ್ತಿ ಬಿದ್ದ ದಿನದಿಂದ ಹೋಗುವ ದಿನದವರೆಗೆ ಹೋಗುವವರ ಎದುರು ಅವರ ಆಯುಧದ ಮಾತು ಆಡುವಂತಿಲ್ಲ ಎಂಬುದು ಕಟ್ಟಳೆ. ಹಾಗಾಗಿ ತಾಯಿ ಮಗಳು ಎಷ್ಟೋ ದಿನದಿಂದ ಉಪ್ಪು, ಸೌದೆ, ನೀರು ಎಂದಷ್ಟೇ ಮಾತಾಡುತ್ತಿದ್ದರು.

"ನಿಮ್ಮಪ್ಪನ ಕತ್ತಿ ನೋಡಿದೆ ಇವತ್ತು," ಎಂದಳು ತಾಯಿ. ಅಪ್ಪನ ಆಯುಧದ ಮಾತಿಗೆ ಕಟ್ಟಳೆ ಅಡ್ಡ ಬರುವುದಿಲ್ಲ. "ಒರೆಯಲ್ಲೇ ಇದೆ. ಗಂಟು ಹಾಕಿ ಇಟ್ಟಿದ್ದಾನೆ. ನಮ್ಮ ಗಂಟು."

ಮಗಳ ಕೈಯಲ್ಲಿದ್ದ ಬಟ್ಟೆಯಿಂದ ನೀಲಿ ನೀರು ತೊಟ್ಟಿಕ್ಕುತ್ತಿತ್ತು.

"ಹಾಗಾದರೆ ಅಪ್ಪ ಬದುಕಿದ್ದಾನೆ."

"ಗೊತ್ತಿಲ್ಲ."

"ಬದುಕಿದ್ದರೆ ನಮ್ಮನ್ನ ಬಿಟ್ಟು ಹೋದ."

"ಅದೂ ಗೊತ್ತಿಲ್ಲ ಕಂದ. ಬಾಗಿಲು ಮುಚ್ಚಿತ್ತು. ಮತ್ತೆ ತೆರೆದದ್ದೇ ತಡ ಕಂಬಳಿ ಹೊರಟಿತು. ಅವನ ಹೆಜ್ಜೆ ಹಿಡಿದು ಯಾರೂ ಹುಡುಕಲಿಲ್ಲ. ನಾನೂ ಹುಡುಕಲಿಲ್ಲ."

"ನೀನು ಅತ್ತಿದ್ದೆಯಾ ಅವ್ವ? ಅಪ್ಪ ಬಾರದೇ ಹೋದಾಗ?"

"ಅಳೋಕೆ ಎಲ್ಲಿ ಬಿಟ್ಟರು? ಕತ್ತಿ ಯಾಕೆ ಆರಿಸಿದೆ ಅಂತ ಕೇಳ್ತಾ ಇದ್ದರು. ಉತ್ತರ ಹುಡುಕ್ತಾ ಹುಡುಕ್ತಾ ಇಷ್ಟು ವರ್ಷ ಆಯ್ತು."

ಮಗಳು ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಅದರ ಸುಕ್ಕು ಬಿಡಿಸತೊಡಗಿದಳು. ಬಟ್ಟೆಯ ಆಚೆ ಬದಿಯಿಂದ ಅವಳ ದನಿ ಮಾತ್ರ ಬಂತು: "ಅವ್ವ, ನನಗೆ ಹೆದರಿಕೆ ಆಗ್ತಿದೆ. ಅವನು ಬರ್ತಾನೆ ಅಂತಲೂ ಹೆದರಿಕೆ. ಬರೋದಿಲ್ಲ ಅಂತ ಗೊತ್ತಾದರೆ ಈ ಊರಿಗೆ ಹೇಗೆ ತಿರುಗಿ ಬರಲಿ ಅಂತ ಅದಕ್ಕಿಂತ ಹೆದರಿಕೆ."

ತಾಯಿ ಬಟ್ಟೆಯನ್ನು ಸರಿಸಿ ಮಗಳನ್ನು ಎದೆಗೆ ಒತ್ತಿಕೊಂಡಳು. ತಿರುಗಿ ಬಾ ಎನ್ನಬೇಕೆನಿಸಿತು. ಬಂದರೆ ಗದೆಯಣ್ಣನ ಹಾಗೆ ಸಾಯುವವರೆಗೂ ಒಂದೇ ಸುಳ್ಳನ್ನು ಜಗಿಯಬೇಕು. ಬರಬೇಡ ಎನ್ನಬೇಕೆನಿಸಿತು. ಎನ್ನುವ ನಾಲಿಗೆ ಯಾವ ತಾಯಿಗಿದೆ? ಮಗಳ ಒದ್ದೆ ಕೈ ಅವಳ ಬೆನ್ನ ಮೇಲೆ ಹಾಗೇ ಇತ್ತು.

ಹೋಗುವ ದಿನ ಬಂತು. ಬೆಳಕು ಹರಿಯುವ ಹೊತ್ತಿಗೆ ಊರೆಲ್ಲ ಬಾಗಿಲ ಮುಂದೆ ನೆರೆದಿತ್ತು. ಯಾರೂ ಉಂಡಿರಲಿಲ್ಲ. ಮಗಳು ಬಿಳಿ ಸೀರೆಯುಟ್ಟು ಬಾಗಿಲಿಗೆ ಮುಖ ಮಾಡಿ ನಿಂತಿದ್ದಳು. ತಾಯಿ ಆಯುಧದ ಮನೆಯೊಳಗೆ ಹೋದಳು. ಜನ ಬಾಯಿಗೆ ಸೆರಗು ಹಿಡಿದು ಕಾದರು.

ಅವಳು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಬಂದದ್ದನ್ನು ಕಂಡು ಜನ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಹಿಡಿಗೆ ಸುತ್ತಿದ ಮಾಸಿದ ನೀಲಿ ಬಟ್ಟೆ ಎಲ್ಲರಿಗೂ ನೆನಪಿತ್ತು.

"ಅದೇ ಕತ್ತಿ!"

"ಗಂಡನನ್ನು ತಿಂದ ಕತ್ತಿ ಮಗಳಿಗೂ!"

"ಅಯ್ಯೋ ಹುಚ್ಚಿ, ಇಡು ಅದನ್ನ! ಕೊಡಲಿ ತಗೋ!"

ಒಬ್ಬಳು ಮಣ್ಣು ಬಾಚಿ ಅವಳ ಮೇಲೆ ಎರಚಿದಳು. ಕಟ್ಟೆಯ ಮುದುಕರು ತಲೆ ತಲೆ ಚಚ್ಚಿಕೊಂಡರು. ಆರಿಸಿದ್ದನ್ನು ಬಾಗಿಲ ಮುಂದೆ ತಂದ ಮೇಲೆ ಬದಲಾಯಿಸುವಂತಿರಲಿಲ್ಲ. ಅವಳು ಯಾರ ಮುಖವನ್ನೂ ನೋಡದೆ ಮಗಳ ಮುಂದೆ ಬಂದು ನಿಂತಳು. ಗಂಡ ಹಾಕಿದ್ದ ಗಂಟನ್ನು ಎಲ್ಲರೆದುರು ಬಿಚ್ಚಿದಳು. ಕತ್ತಿಯನ್ನು ಹಿರಿದು, ಒರೆಯನ್ನು ಮಗಳ ಸೊಂಟಕ್ಕೆ ಸಿಕ್ಕಿಸಿದಳು. ಬಿಸಿಲು ಕಾಣದ ಕತ್ತಿ, ಎಲ್ಲೂ ಒಂದು ಗೀರಿರಲಿಲ್ಲ. ಮಗಳು ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಆಮೇಲೆ ತಾಯಿಯನ್ನು ನೋಡಿದಳು.

ಆರಿಸಿದವರು ಆಯುಧವನ್ನು ಹೋಗುವವರ ಕೈಗೆ ಬಟ್ಟೆಯಿಂದ ಕಟ್ಟಬೇಕು. ಹೆದರಿ ಬೆವೆತ ಕೈಯಿಂದ ಜಾರದಿರಲಿ ಎಂದು ಎಲ್ಲರೂ ಬಿಗಿಯಾಗಿ ಕಟ್ಟುತ್ತಿದ್ದರು. ಅವಳು ಸಡಿಲವಾಗಿ ಕಟ್ಟಿದಳು. ಬೇಕೆಂದಾಗ ಒಂದೇ ಕೊಡವಿಗೆ ಬಿಟ್ಟುಹೋಗುವಷ್ಟು ಸಡಿಲ. ಹೇಳಬೇಕಾದ್ದನ್ನೆಲ್ಲ ಆ ಸಡಿಲಿನಲ್ಲೇ ಹೇಳಿದಳು.

ಮಗಳು ಮಣಿಕಟ್ಟನ್ನು ತಿರುಗಿಸಿ ಕಟ್ಟನ್ನು ನೋಡಿದಳು. ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಎಳೆದು ಅದನ್ನು ಬಿಗಿ ಮಾಡಿಕೊಂಡಳು.

"ಬೇಡ," ಎಂದಳು ತಾಯಿ, ಉಸಿರಿಗಿಂತ ಮೆಲ್ಲಗೆ.

"ಇರಲಿ ಅವ್ವ," ಎಂದಳು ಮಗಳು.

ಬಾಗಿಲು ತೆರೆಯಿತು. ಬಯಲು ಕಾಣಿಸಿತು. ಮಗಳು ನಡೆದಳು. ಬಾಗಿಲು ಮುಚ್ಚಿತು.

ಜನ ಮನೆಗೆ ಹೋಗಿ ಅನ್ನಕ್ಕಿಟ್ಟರು. ತಾಯಿ ಬಾಗಿಲಿಗೆ ಕಿವಿಯಾನಿಸಿ ನಿಂತಳು. ಬಿಸಿಲು ಏರಿತು. ಬಾಗಿಲಿನ ಕಬ್ಬಿಣದ ಪಟ್ಟಿ ಕಾದು ಕೆನ್ನೆ ಸುಟ್ಟಿತು, ಅವಳು ಸರಿಯಲಿಲ್ಲ. ಒಂದು ಕೂಗು ಕೇಳಿದರೆ ಅವನು ಬಂದ ಎಂದು ತಿಳಿಯಬಹುದಿತ್ತು. ಕೇಳಲಿಲ್ಲ. ಕೇಳದಿರುವುದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ. ಹೋಗು, ಎಂದಿತು ಮನಸ್ಸು. ಹೋಗಬೇಡ, ಎಂದಿತು. ಕತ್ತಿ ಇಟ್ಟುಬಿಡು, ಎಂದಿತು. ಗಟ್ಟಿಯಾಗಿ ಹಿಡಿದುಕೋ, ಎಂದಿತು. ಮಧ್ಯಾಹ್ನದ ಹೊತ್ತಿಗೆ ಅವಳು ಯಾವ ದೇವರನ್ನು ಏನೆಂದು ಬೇಡಬೇಕು ಎಂಬುದೂ ತಿಳಿಯದೆ, "ಏನಾದರೂ, ಏನಾದರೂ" ಎಂದು ಮಾತ್ರ ಗೊಣಗುತ್ತಿದ್ದಳು.

ಬಿಸಿಲು ಇಳಿಯಿತು. ಜನ ಬಂದರು. ಬಾಗಿಲು ತೆರೆಯಿತು.

ಬಯಲಿನಲ್ಲಿ ಯಾರೂ ಇರಲಿಲ್ಲ.

"ಗೊತ್ತಿತ್ತು," ಎಂದರು ಯಾರೋ. ಕಾವಲಿನವನು ಕಂಬಳಿ ಹೆಗಲಿಗೆ ಹಾಕಿ ಹೊರಟ. ಅವನು ಚಿಕ್ಕದಾಗುತ್ತ ಹೋಗಿ ಬಂಡೆ ತಲುಪಿದ. ಬಂಡೆಯ ಸುತ್ತ ನಡೆದ. ಬಗ್ಗಿದ. ಮತ್ತೆ ಸುತ್ತ ನಡೆದ. ಇಷ್ಟು ಹೊತ್ತು ಅವನು ಎಂದೂ ತೆಗೆದುಕೊಂಡವನಲ್ಲ. ಕೊನೆಗೆ ಹಿಂದಿರುಗಿ ಬಂದಾಗ ಕಂಬಳಿ ಹೋದ ಹಾಗೆಯೇ ಅವನ ಹೆಗಲ ಮೇಲಿತ್ತು.

"ಎಲ್ಲಿ ಕತ್ತಿ?" ಎಂದು ಜನ ಕೇಳಿದರು.

ಅವನು ಕಂಬಳಿಯನ್ನು ತೆಗೆದು ಎಲ್ಲರೆದುರು ಕೊಡವಿದ. ಒಂದಿಷ್ಟು ಧೂಳು ಬಿತ್ತು.

"ಇಲ್ಲ," ಎಂದ. "ಒರೆಯೂ ಇಲ್ಲ. ಕಟ್ಟಿದ ಬಟ್ಟೆಯೂ ಇಲ್ಲ. ಏನೂ ಇಲ್ಲ."

ಜನ ಬಾಯಿ ತೆರೆದರು. ಬೇರೆಯದನ್ನು ಆರಿಸಬೇಕಿತ್ತು ಎನ್ನಲು ಬಾಯಿ ತೆರೆದವರು ತೆರೆದ ಹಾಗೆಯೇ ನಿಂತರು. ಯಾವುದಕ್ಕೆ ಬೇರೆ? ತಪ್ಪಿತು ಎನ್ನಲು ಕೈ ತೋರಿಸಲು ಒಂದು ಕತ್ತಿ ಬೇಕಿತ್ತು. ಗೆದ್ದಿತು ಎನ್ನಲು ಒಬ್ಬ ಹುಡುಗಿ ಬೇಕಿತ್ತು. ಎರಡೂ ಇರಲಿಲ್ಲ. ಅವನು ಬಂದು ಮಗಳನ್ನೂ ಕತ್ತಿಯನ್ನೂ ಒಯ್ದನೋ, ಮಗಳೇ ಕತ್ತಿ ಹಿಡಿದುಕೊಂಡು ಅವನನ್ನೋ ಅಪ್ಪನನ್ನೋ ಹುಡುಕುತ್ತ ಆ ದಾರಿಯಲ್ಲಿ ಇಳಿದಳೋ. ಕಟ್ಟೆಯ ಮುದುಕರು ಒಬ್ಬರ ಮುಖ ಒಬ್ಬರು ನೋಡಿದರು. ಗದೆಯಣ್ಣ ತಲೆ ತಗ್ಗಿಸಿದ.

ತಾಯಿ ಬಾಗಿಲ ಆಚೆಗೆ ಒಂದೆರಡು ಹೆಜ್ಜೆ ಇಟ್ಟಳು. ಮಣ್ಣಿನಲ್ಲಿ ಕೂತು, ಎರಡೂ ಕೈಯನ್ನು ನೆಲಕ್ಕೆ ಬಡಿದು, "ನನ್ನ ಕಂದಾ!" ಎಂದು ಅತ್ತಳು. ಗಂಡನಿಗಾಗಿ ಅಳದೆ ಉಳಿದದ್ದೂ ಅದರೊಡನೆ ಕಿತ್ತುಕೊಂಡು ಬಂತು. ಆ ಊರಿನ ಬಾಗಿಲಲ್ಲಿ ಹಾಗೆ ಅತ್ತವರನ್ನು ಯಾರೂ ಕಂಡಿರಲಿಲ್ಲ. ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ.

ಗುಂಪಿನಿಂದ ಈಟಿಯಜ್ಜ ಕೋಲೂರಿಕೊಂಡು ಬಂದ. ಅವಳ ಪಕ್ಕದಲ್ಲಿ ಮಂಡಿ ಮಡಚಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ನಿನ್ನ ಮಗಳು ಬದುಕಿದಾಳೇನವ್ವ?" ಎಂದು ಕೇಳಿದ.

"ಗೊತ್ತಿಲ್ಲ ಅಜ್ಜ."

ಮುದುಕ ಬಯಲನ್ನು ನೋಡಿದ.

"ನನ್ನ ಮಗ?"

"ಗೊತ್ತಿಲ್ಲ ಅಜ್ಜ."

"ಬೋರಲಿಂಗ ಅಂತ ಅವನ ಹೆಸರು," ಎಂದ ಮುದುಕ. ಇಷ್ಟು ವರ್ಷ ನಾಲಿಗೆಯ ಮೇಲೆ ತಾರದಿದ್ದ ಹೆಸರು ಬಾಯಿಂದ ಬಿದ್ದದ್ದೇ ತಡ, ಅವನು ಮುಖ ಮುಚ್ಚಿಕೊಂಡು ಬಿಕ್ಕಿದ. ಹಿಂದೆ ಗುಂಪಿನಲ್ಲಿ ಒಬ್ಬ ಹೆಂಗಸು ಅತ್ತಳು. ಅವಳು ಅತ್ತದ್ದನ್ನು ಕೇಳಿ ಇನ್ನೊಬ್ಬಳು ಅತ್ತಳು. ಯಾರು ಯಾರನ್ನು ಕಳೆದುಕೊಂಡಿದ್ದರೋ ಅವರೆಲ್ಲ ಒಂದೊಂದು ಹೆಸರು ಹಿಡಿದು ಬಾಗಿಲು ದಾಟಿ ಬಂದು ಬಯಲಿನ ಅಂಚಿನಲ್ಲಿ ಕೂತರು.

ಬಾಗಿಲು ಮುಚ್ಚುವವರು ಕದದ ಮೇಲೆ ಕೈಯಿಟ್ಟುಕೊಂಡು ಕಾದರು. ಸೂರ್ಯ ಮುಳುಗುತ್ತಿದ್ದ. ಒಳಗೆ ಬನ್ನಿ ಎಂದು ಒಂದು ಸಲ ಕರೆದರು. ಯಾರೂ ಏಳಲಿಲ್ಲ.